ಲೇತಿನಂಗಡಿಯಿಂದ ಕಂಡ ಟರ್ಬೊ ಕಾಲ

ರಾಮನಗರದ ಕಡೆ ಪಿಕಪ್ ಗಾಡಿಗೆ ಎಂಥ ಎಂಜಿನ್ ಬೇಕೆಂದು ಹೇಳುತ್ತಿದ್ದದ್ದು ಲೋಡು. ರೇಷ್ಮೆಗೂಡಿಗೆ ತೂಕ ಕಡಿಮೆ, ಅವಸರ ಜಾಸ್ತಿ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಇಟ್ಟುಕೊಂಡು ಕೂತರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಹಾಗಾಗಿ ಕೊಳ್ಳೇಗಾಲದ ಕಡೆಯಿಂದ ರಾತ್ರಿ ಹೊರಟ ಗಾಡಿ ಸಾತನೂರು, ಕನಕಪುರ ದಾಟಿಕೊಂಡು ಹರಾಜಿನ ಹೊತ್ತಿಗೆ ನಮ್ಮೂರಿನ ಗೂಡಿನ ಮಾರುಕಟ್ಟೆ ಸೇರಲೇಬೇಕು. ಬಾದಾಮಿ, ರಸಪುರಿ ಮಾವಿಗೆ ತೂಕವೂ ಇದೆ, ಅವಸರವೂ ಇದೆ. ಕನಕಪುರದ ಕಲ್ಲಿಗೆ ಅವಸರವಿಲ್ಲ, ಬರೀ ತೂಕ. ಒಂದೇ ಪಿಕಪ್ಪು ಏಪ್ರಿಲ್‌ನಿಂದ ಜೂನ್‌ವರೆಗೆ ಮಾವು ಹೊತ್ತು, ಮಿಕ್ಕ ತಿಂಗಳು ಗೂಡಿಗೆ ತಿರುಗಿ, ನಡುವೆ ಬಾಡಿಗೆ ಸಿಕ್ಕರೆ ಕಲ್ಲನ್ನೂ ಹೇರಿಕೊಳ್ಳುತ್ತಿತ್ತು. ಈ ಮೂರೂ ಲೋಡನ್ನು ಒಂದೇ ಎಂಜಿನ್ನಿನಿಂದ ಎಳೆಸಬೇಕೆಂಬ ಆಸೆಯೇ ನಮ್ಮ ಕಡೆಯ ಗ್ಯಾರೇಜುಗಳಿಗೆ ಟರ್ಬೊ ತಂದಿತು.

ನಮ್ಮದು ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕದ ಲೇತಿನ ಅಂಗಡಿ. ಅಪ್ಪ ಶುರುಮಾಡಿದ್ದು. ನೂಲು ಬಿಚ್ಚುವ ಯಂತ್ರಗಳ ಬುಷ್ಷು, ಶಾಫ್ಟು ನಮ್ಮ ಅನ್ನ. ಅದರ ಜೊತೆಗೆ ಬ್ರೇಕ್ ಡ್ರಮ್ ಕಡೆಯುವುದು, ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ ಅಳತೆಗೆ ತರುವುದು. ಪಕ್ಕದಲ್ಲೇ ಗ್ಯಾರೇಜು. ಅದರ ಮೇಸ್ತ್ರಿಯನ್ನು ಊರೆಲ್ಲ ‘ಭಾಯ್’ ಎಂದೇ ಕರೆಯುತ್ತಿತ್ತು. ಎಂಜಿನ್ ಬದಲಾಯಿಸುವ ಕೆಲಸ ಅವರ ಕೈಯಲ್ಲಿ ಶುರುವಾದರೂ ನಡುವೆ ಒಂದು ಸಲ ನಮ್ಮ ಲೇತಿಗೆ ಬರಲೇಬೇಕಿತ್ತು. ನಾನು ಹೈಸ್ಕೂಲಿನ ದಿನಗಳಿಂದ ಆ ಲೇತಿನ ಮುಂದೆ ನಿಂತು ಇದನ್ನೆಲ್ಲ ನೋಡಿದವನು.

ಎಂಜಿನ್ ಬದಲಾವಣೆ ಟರ್ಬೊಗಿಂತ ಹಳೆಯದು. ಪೆಟ್ರೋಲ್ ದುಬಾರಿಯಾದಾಗ ಅಂಬಾಸಿಡರ್ ಕಾರಿಗೆ ಮೆಟಡೋರಿನ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಬಜಾಜ್ ಟೆಂಪೊದ ಆ ಮೆಟಡೋರ್ ಎಂಜಿನ್ ಮರ್ಸಿಡಿಸ್ ಕಂಪನಿಯ ಒಎಂ 616 ಎಂಬ ಮಾದರಿ. ಮದುವೆಗೆ ಬಾಡಿಗೆ ಹೋಗುವ ಅಂಬಾಸಿಡರಿನ ಬಾನೆಟ್ಟಿನೊಳಗೆ ಜರ್ಮನ್ ಮೂಲದ ಎಂಜಿನ್ ಇದೆಯೆಂದು ಭಾಯ್ ಹೇಳಿದಾಗ ನಾವು ಹುಡುಗರು ಹೋಗಿ ಮುಟ್ಟಿ ನೋಡಿ ಬಂದಿದ್ದೆವು. ಆ ಕಾಲದ ಬದಲಾವಣೆಗಳಿಗೆ ಕಾರಣ ಒಂದೇ, ಎಣ್ಣೆಯ ಖರ್ಚು. ಎಳೆತ ಸಾಲದು ಎಂದು ಯಾರೂ ಬರುತ್ತಿರಲಿಲ್ಲ.

ಎಳೆತದ ಮಾತು ಬಂದದ್ದು ಜೀಪಿನ ಮೂತಿಯ ಹಳೇ ಮಹೀಂದ್ರ ಗಾಡಿಗಳಿಂದ. ಹಿಂದೆ ತೊಟ್ಟಿ ಕೂರಿಸಿಕೊಂಡು ಪಿಕಪ್ ಕೆಲಸ ಮಾಡುತ್ತಿದ್ದ ಈ ಗಾಡಿಗಳಲ್ಲಿ ಎಷ್ಟಕ್ಕೋ ಇದ್ದದ್ದು ಪ್ಯೂಜೋ ಎಂಜಿನ್ನು: 2112 ಸಿಸಿ, 4500 ಸುತ್ತಿಗೆ 62 ಎಚ್‌ಪಿ. ಮೃದುವಾದ, ಸದ್ದು ಕಡಿಮೆಯ ಎಂಜಿನ್ ಅದು, ನನಗೆ ಈಗಲೂ ಅದರ ಮೇಲೆ ಪ್ರೀತಿಯಿದೆ. ಮಾರ್ಗಶಿರದ ಚಳಿಯಲ್ಲಿ ಹೀಟರ್ ಪ್ಲಗ್ ಕಾಯುವ ತನಕ ಡ್ರೈವರ್ ಬೀಗದ ಕೈ ಹಿಡಿದು ಕಾಯಬೇಕು. ಲೋಡು ಹೇರಿ ಮಾಗಡಿ ರಸ್ತೆಯ ಏರಿಗೆ ಬಂದರೆ ಮಾತ್ರ ಮೂರನೇ ಗೇರು, ಎರಡನೇ ಗೇರು ಎಂದು ಇಳಿಯುತ್ತ ಕಪ್ಪು ಹೊಗೆ ಬಿಟ್ಟುಕೊಂಡು ತೆವಳುತ್ತಿತ್ತು. ಪ್ಯೂಜೋಗೆ ಸುತ್ತು ಏರಿಸಿದರೆ ಬಲ, ಸುತ್ತು ಇಳಿದರೆ ಬಲವಿಲ್ಲ. ಏರಿನಲ್ಲಿ ಇಳಿಯುವುದು ಸುತ್ತೇ.

2000ದಲ್ಲಿ ಬೊಲೆರೊ ಬಂತು. ಆಮೇಲಿನ ವರ್ಷಗಳಲ್ಲಿ ಮಹೀಂದ್ರದ 2523 ಸಿಸಿ ಡಿಐ ಟರ್ಬೊ ಎಂಜಿನ್ ನಮ್ಮ ರಸ್ತೆಗಳಲ್ಲಿ ಮಾಮೂಲಾಯಿತು. ಅಪಘಾತಕ್ಕೆ ಸಿಕ್ಕ ಗಾಡಿಗಳ ಎಂಜಿನ್ನುಗಳು ಬೆಂಗಳೂರಿನ ಶಿವಾಜಿನಗರದ ಗುಜರಿ ಸೇರತೊಡಗಿದ ಮೇಲೆ ನಮ್ಮ ಕಡೆಯವರ ಕಣ್ಣು ಅವುಗಳ ಮೇಲೆ ಬಿತ್ತು. ಮೊದಲ ಬಾರಿ ಅಂಥ ಎಂಜಿನ್ ಗ್ಯಾರೇಜಿಗೆ ಬಂದಾಗ ಭಾಯ್ ಹೆಡ್ ಬಿಚ್ಚಿಟ್ಟಿದ್ದರು. ಅಪ್ಪ ಕ್ಯಾಲಿಪರ್ ಹಿಡಿದು ಬೋರ್ ಅಳೆದರು: 88.9 ಮಿ.ಮೀ. ಸ್ಟ್ರೋಕ್ 101.6. ‘ಇದು ಮಿಲಿಮೀಟರ್ ಲೆಕ್ಕದಲ್ಲಿ ಹುಟ್ಟಿದ ಎಂಜಿನ್ ಅಲ್ಲ ಕಣಪ್ಪ’ ಅಂದರು. ಮೂರೂವರೆ ಅಂಗುಲ, ನಾಲ್ಕು ಅಂಗುಲ. ಅಪ್ಪನ ಮಾತು ಸರಿಯಾಗಿತ್ತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ 1963ರಲ್ಲಿ ಮಹೀಂದ್ರ ಕೈಜೋಡಿಸಿ ಟ್ರ್ಯಾಕ್ಟರ್ ಮಾಡಲು ಹೊರಟಿತಲ್ಲ, ಆ ಟ್ರ್ಯಾಕ್ಟರ್ ಎಂಜಿನ್ನುಗಳ ಸಂತತಿ ಇದು. ಅದಕ್ಕೆ ನೇರ ಇಂಜೆಕ್ಷನ್ ತಂದು, ಆಮೇಲೆ ಟರ್ಬೊ ಕೂಡಿಸಿದ್ದರು. ನಮ್ಮ ಹೊಲಗಳನ್ನು ಉತ್ತ ಬಳಗದ ಎಂಜಿನ್ನೇ ನಮ್ಮ ಗೂಡು, ಮಾವು ಹೊರಲು ಬಂದಿತ್ತು.

ಎಚ್‌ಪಿ ನೋಡಿದರೆ ಹೊಸ ಎಂಜಿನ್ 63, ಹಳೆಯದು 62. ಇಷ್ಟಕ್ಕೇಕೆ ಖರ್ಚು ಎಂದು ಕೇಳಿದವರಿದ್ದರು. ವ್ಯತ್ಯಾಸ ಇದ್ದದ್ದು ತಿರುಚುಬಲದಲ್ಲಿ. ಪ್ಯೂಜೋ ಹೆಚ್ಚು ಕಡಿಮೆ 120 ನ್ಯೂಟನ್ ಮೀಟರ್ ಕೊಟ್ಟರೆ, ಇದು 180 ಕೊಡುತ್ತಿತ್ತು, ಅದೂ 1500 ಸುತ್ತಿನ ಆಸುಪಾಸಿನಲ್ಲೇ. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು ಟರ್ಬೊ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಪೂರ್ತಿ ಉರಿಯುತ್ತದೆ. ಲೋಡು ಹೊತ್ತು ಏರು ಹತ್ತುವಾಗ ಗೇರ್ ಇಳಿಸದೆ ಗಾಡಿ ಸಾಗಿದ್ದನ್ನು ಮೊದಲು ಕಂಡ ಡ್ರೈವರುಗಳ ಮುಖ ನನಗೆ ನೆನಪಿದೆ. ಊರಿಗೆ ವಿದ್ಯುತ್ ಬಂದ ದಿನದ ಖುಷಿ ಅದು.

ಈ ಖುಷಿಗೆ ಅಡ್ಡದಾರಿಯೂ ಇತ್ತು. ಹಳೇ ಎಂಜಿನ್ನಿಗೇ ಬರೀ ಟರ್ಬೊ ಸಿಕ್ಕಿಸಿ, ಮೈಕೋ ಪಂಪಿನಲ್ಲಿ ಡೀಸೆಲ್ ಏರಿಸಿ ಕಳಿಸುವವರಿದ್ದರು. ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ, ಅದರ ಕಾರ್ಖಾನೆ ನಮ್ಮ ಬಿಡದಿಗೇ ಬಂದರೂ, ಗ್ಯಾರೇಜಿನಲ್ಲಿ ಅದು ಈಗಲೂ ಮೈಕೋ ಪಂಪೇ. ಭಾಯ್ ಈ ಕೆಲಸ ಮುಟ್ಟುತ್ತಿರಲಿಲ್ಲ. ಟರ್ಬೊ ಇಲ್ಲದ ಎಂಜಿನ್ನಿನ ಪಿಸ್ಟನ್ನು, ಗ್ಯಾಸ್ಕೆಟ್ಟು ಆ ಒತ್ತಡಕ್ಕೆ ಮಾಡಿದ್ದಲ್ಲ. ಅದರ ಪಂಪಿಗೆ ಎಷ್ಟು ಗಾಳಿ ಬಂದಿದೆ ಎಂದು ಅರಿತು ಡೀಸೆಲ್ ಬಿಡುವ ವ್ಯವಸ್ಥೆಯೂ ಇಲ್ಲ. ಸ್ವಲ್ಪ ದಿನ ಓಡುತ್ತದೆ, ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಇಲ್ಲವೇ ಪಿಸ್ಟನ್ ತಲೆ ಸುಡುತ್ತದೆ. ಹಾಗೆ ಸುಟ್ಟ ಪಿಸ್ಟನ್ನುಗಳನ್ನು ಭಾಯ್ ಬಾಗಿಲ ಪಕ್ಕದ ಹಲಗೆಯ ಮೇಲೆ ಸಾಲಾಗಿಟ್ಟಿದ್ದರು, ಕೇಳಿದವರಿಗೆ ತೋರಿಸಲಿಕ್ಕೆ.

ಪೂರ್ತಿ ಎಂಜಿನ್ ಕೂರಿಸಲು ಬಂದವರಿಗೂ ಅವರ ಮಾತು ಒಂದೇ. ಮಾಗಡಿ ಕಡೆಯ ಗೌಡರೊಬ್ಬರಿಗೆ ಹೇಳಿದ್ದು ಕಿವಿಯಲ್ಲಿದೆ: ‘ಗೌಡ್ರೇ, ಎಂಜಿನ್ ಕೂರಿಸೋದು ಎರಡು ದಿನದ ಕೆಲಸ. ಗಾಡಿ ಅದನ್ನ ತಡ್ಕೊಳ್ಳೋ ಹಂಗೆ ಮಾಡೋಕೆ ಹದಿನೈದು ದಿನ ಕೊಡಿ.’ ಗೌಡರು, ‘ಮಾವಿನ ಸುಗ್ಗಿ ಬತ್ತಾ ಅದೆ ಭಾಯ್, ಹದಿನೈದು ದಿನ ಗಾಡಿ ನಿಂತ್ರೆ ನಾನು ಕೆಟ್ಟೆ’ ಅಂದರು. ಭಾಯ್ ಒಪ್ಪಲಿಲ್ಲ. ಗೌಡರು ಗೊಣಗುತ್ತಲೇ ಗಾಡಿ ಬಿಟ್ಟುಹೋದರು.

ಎಂಜಿನ್ನಿನ ಜೊತೆ ಅದರದ್ದೇ ಗೇರ್‌ಬಾಕ್ಸ್ ಸಿಕ್ಕರೆ ನಮ್ಮ ಕೆಲಸ ಹಗುರ. ಸಿಗದಿದ್ದರೆ ಹೊಸ ಎಂಜಿನ್ನಿಗೂ ಹಳೇ ಗೇರ್‌ಬಾಕ್ಸಿಗೂ ನಡುವೆ ಒಂದು ದಪ್ಪ ಪ್ಲೇಟು ಬೇಕು. ಒಂದು ಮುಖದಲ್ಲಿ ಎಂಜಿನ್ನಿನ ಬೋಲ್ಟ್ ತೂತುಗಳು, ಇನ್ನೊಂದರಲ್ಲಿ ಗೇರ್‌ಬಾಕ್ಸಿನ ತೂತುಗಳು. ತೂತು ಕೊರೆಯುವುದು ಯಾರಾದರೂ ಮಾಡುವ ಕೆಲಸ. ಕಷ್ಟವಿರುವುದು ನಡುವಿನ ದೊಡ್ಡ ವೃತ್ತದಲ್ಲಿ. ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆಯೂ ಒಂದೇ ನೇರಕ್ಕೆ ಬರಬೇಕು. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತ, ಗೇಜಿನ ಮೊನೆ ಪ್ಲೇಟಿನ ಒಳ ಅಂಚನ್ನು ಸವರಿಕೊಂಡು ಬರುವುದನ್ನು ನೋಡಬೇಕು. ಮುಳ್ಳು ಒಂದೆರಡು ಗೆರೆಗಿಂತ ಹೆಚ್ಚು ಆಡಿದರೆ ಪ್ಲೇಟು ಬಿಚ್ಚಿ, ಜರುಗಿಸಿ, ಮತ್ತೆ ಕಟ್ಟಬೇಕು. ಸರಿಬಂದ ಮೇಲೆ ಎರಡು ಕಡೆ ಡೋವೆಲ್ ಪಿನ್ ಹೊಡೆದು, ಅದು ಮುಂದೆಂದೂ ಜರುಗದಂತೆ ಕಟ್ಟುಮಾಡುವುದು. ಪ್ಲೇಟಿನ ದಪ್ಪದಷ್ಟು ಗೇರ್‌ಬಾಕ್ಸ್ ಹಿಂದೆ ಸರಿಯುತ್ತದಲ್ಲ, ಅದಕ್ಕೆ ತಕ್ಕಂತೆ ಕ್ರ್ಯಾಂಕಿನ ತುದಿಯ ಸ್ಪಿಗಾಟ್ ಬುಷ್ಷನ್ನು ಗನ್‌ಮೆಟಲ್ಲಿನಲ್ಲಿ ಉದ್ದಕ್ಕೆ ಕಡೆಯಬೇಕು. ನಾನು ಅಪ್ಪನ ಕೈಕೆಳಗೆ ಜವಾಬ್ದಾರಿಯಿಂದ ಮಾಡಿದ ಮೊದಲ ಕೆಲಸ ಆ ಬುಷ್ಷು. ಪ್ರೊಪೆಲರ್ ಶಾಫ್ಟನ್ನು ಅಷ್ಟೇ ಕತ್ತರಿಸಿ, ಮತ್ತೆ ಬೆಸೆದು, ಓರೆ ಹೋಗದಂತೆ ಲೇತಿನಲ್ಲಿ ತಿರುಗಿಸಿ ನೋಡುವುದೂ ನಮ್ಮದೇ.

ಇಷ್ಟಾದ ಮೇಲೆ ಗಾಡಿ ರಸ್ತೆಗಿಳಿದರೆ ಹೊಸ ದೂರು: ‘ಎಳೀತದೆ, ಓಡಲ್ಲ.’ ಅದಕ್ಕೆ ಕಾರಣ ಹಿಂದಿನ ಆಕ್ಸಲ್ಲಿನಲ್ಲಿತ್ತು. ವಿಲ್ಲೀಸ್ ಜೀಪಿನ ಸಂತತಿಯ ಗಾಡಿಗಳಲ್ಲಿ 43ಕ್ಕೆ 8 ಹಲ್ಲಿನ ಕ್ರೌನ್–ಪಿನಿಯನ್ ಮಾಮೂಲು. ಚಕ್ರ ಒಂದು ಸುತ್ತು ಬರಲು ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. 4500 ಸುತ್ತು ಏರಬಲ್ಲ ಪ್ಯೂಜೋಗೆ ಅದು ಹೊಂದುತ್ತಿತ್ತು. ಡಿಐ ಎಂಜಿನ್ 3200ಕ್ಕೇ ಮುಗಿಯಿತು. 16 ಅಂಗುಲದ ಜೀಪ್ ಟೈರಿನಲ್ಲಿ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 80 ಕಿ.ಮೀ.ಗೆ ಎಂಜಿನ್ ಕಿರುಚತೊಡಗುತ್ತದೆ. ಮಾವಿಗೆ ಅದು ಸಾಕು, ಗೂಡಿಗೆ ಸಾಲದು. ಗೂಡಿನ ಬಾಡಿಗೆಯವರಿಗೆ ಭಾಯ್ ಕಡಿಮೆ ಅನುಪಾತದ ಕ್ರೌನ್–ಪಿನಿಯನ್ನೋ ಐದು ಗೇರಿನ ಪೆಟ್ಟಿಗೆಯೋ ಹುಡುಕಿ ತಂದು ಹಾಕುತ್ತಿದ್ದರು. ಕಲ್ಲು ಹೊರುವವರಿಗೆ ಹಳೆಯದನ್ನೇ ಬಿಡಿ ಎನ್ನುತ್ತಿದ್ದರು. ಗಾಡಿ ಯಾವ ಕೆಲಸಕ್ಕೆಂದು ಕೇಳದೆ ಅವರು ಸ್ಪ್ಯಾನರ್ ಹಿಡಿದದ್ದು ನಾನು ಕಂಡಿಲ್ಲ.

ಹದಿನೈದು ದಿನದಲ್ಲಿ ದೊಡ್ಡ ಪಾಲು ಬ್ರೇಕಿಗೆ ಹೋಗುತ್ತಿತ್ತು. ಏರು ಹತ್ತುವಾಗ ತೆವಳುತ್ತಿದ್ದ ಗಾಡಿಯನ್ನು ಇಳಿಜಾರಿನಲ್ಲೂ ಡ್ರೈವರ್ ಹೆದರಿಯೇ ಓಡಿಸುತ್ತಿದ್ದ. ಏರಿನಲ್ಲಿ ಸಲೀಸಾಗಿ ಸಾಗುವ ಗಾಡಿ ಇಳಿಜಾರಿನಲ್ಲಿ ಹೆದರಿಕೆಯನ್ನೂ ಬಿಡಿಸುತ್ತದೆ. ನಾಲ್ಕೂ ಡ್ರಮ್ ನಮ್ಮ ಲೇತಿಗೆ ಬರುತ್ತಿದ್ದವು, ತೆಳುವಾದದ್ದನ್ನು ಅಪ್ಪ ಕಡೆಯದೆ ವಾಪಸು ಕಳಿಸುತ್ತಿದ್ದರು. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ತಾನಾಗಿ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಆಲ್ಟರ್ನೇಟರ್ ಹಿಂದೆ ಪಂಪು ಇರುವ ಎಂಜಿನ್ನನ್ನೇ ಗುಜರಿಯಲ್ಲಿ ಆರಿಸಿ, ಬೂಸ್ಟರ್ ಇಲ್ಲದ ಗಾಡಿಗೆ ಬೂಸ್ಟರನ್ನೂ ಕೂರಿಸುತ್ತಿದ್ದರು. ರೇಡಿಯೇಟರ್ ದೊಡ್ಡದು, ಕ್ಲಚ್ ಪ್ಲೇಟ್ ದೊಡ್ಡದು, ಮುಂದಿನ ಸ್ಪ್ರಿಂಗ್ ಪಟ್ಟಿಗೆ ಒಂದು ಎಲೆ ಹೆಚ್ಚು. ಗಾಡಿ ಕೊಡುವಾಗ ಡ್ರೈವರಿಗೆ ಕಡೇ ಮಾತು: ಏರು ಹತ್ತಿ ಬಂದು ತಕ್ಷಣ ಬೀಗ ತಿರುಗಿಸಬೇಡ, ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡು. ಕಾದು ಕೆಂಪಾದ ಟರ್ಬೊದ ಬೇರಿಂಗಿಗೆ ಎಂಜಿನ್ ಆಯಿಲ್ಲೇ ಆಧಾರ, ಎಂಜಿನ್ ನಿಂತರೆ ಆಯಿಲ್ ಅಲ್ಲೇ ನಿಂತು ಸುಟ್ಟು ಮಸಿಯಾಗುತ್ತದೆ.

ಕಾಗದದ ವಿಷಯ ಬೇರೆಯೇ. ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಗಾಡಿಯಲ್ಲಿರುವುದಕ್ಕೂ ತಾಳೆ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅದೂ 2000ದ ತಿದ್ದುಪಡಿಯಾದ ಮೇಲೆ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಗುಜರಿಯ ಬಿಲ್ಲಿಲ್ಲದ ಎಂಜಿನ್ನನ್ನು ಭಾಯ್ ಒಳಗೆ ಬಿಡುತ್ತಿರಲಿಲ್ಲ, ಕಳವಿನ ಮಾಲು ಬಂದುಬಿಟ್ಟರೆ ಎಂಬ ಭಯ. ಅನುಮತಿ ಸಿಗುವುದಿಲ್ಲವೆಂದು ತಿಳಿದ ಮೇಲೆ ಬಾಡಿಗೆ ಗಾಡಿಗಳನ್ನು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದರು. ಕಾಯ್ದೆಯ ಹಿಂದಿನ ಕಾಳಜಿ ಸರಿಯಾದದ್ದೇ. ಬ್ರೇಕ್ ಮುಟ್ಟದೆ ಬರೀ ಎಂಜಿನ್ ಕೂರಿಸಿ ಕಳಿಸಿದ ಗಾಡಿಗಳನ್ನು ನಾನೂ ಕಂಡಿದ್ದೇನೆ. ಆದರೆ ಸರಿಯಾಗಿ ಮಾಡಿದ ಕೆಲಸವನ್ನು ತಂದು ತೋರಿಸಿ, ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಲು ನಮ್ಮಂಥ ಊರಿನ ಮೇಸ್ತ್ರಿಗೆ ಒಂದು ಬಾಗಿಲೂ ಇರಲಿಲ್ಲ. ಆ ಬಾಗಿಲಿದ್ದಿದ್ದರೆ ಅಡ್ಡದಾರಿಯವರು ತಾವಾಗಿ ಸೋಲುತ್ತಿದ್ದರು ಎಂದು ನನ್ನ ನಂಬಿಕೆ.

ಅಷ್ಟರಲ್ಲಿ ಕೆಲಸವೇ ಕಡಿಮೆಯಾಗಿತ್ತು. 2005ರಲ್ಲಿ ಬಂದ ಟಾಟಾ ಏಸ್ ಬರೀ 702 ಸಿಸಿಯ, 16 ಎಚ್‌ಪಿಯ ಗಾಡಿ, ಆದರೆ ಸಾಲಕ್ಕೆ ಹೊಸದಾಗಿ ಸಿಗುತ್ತಿತ್ತು. ಆಮೇಲೆ ಕಂಪನಿಯಿಂದಲೇ ಟರ್ಬೊ ಇರುವ ಪಿಕಪ್ಪುಗಳು ಬಂದವು. 2017ರಲ್ಲಿ ಬಿಎಸ್ 4 ದೇಶಕ್ಕೆಲ್ಲ ಬಂದು, 2020ರಲ್ಲಿ ಬಿಎಸ್ 6 ಆದ ಮೇಲೆ ಎಂಜಿನ್ ಎಂದರೆ ಕಾಮನ್ ರೈಲು, ಸೆನ್ಸರು, ಕಂಪ್ಯೂಟರು. ಅಂಥದ್ದೊಂದನ್ನು ತೋಟದೊಳಗೆ ಮಾತ್ರ ಓಡುವ ಹಳೇ ಪಿಕಪ್ಪಿಗೆ ಕೂರಿಸಲು ಬಂದಾಗ ಪ್ಲೇಟು, ಬುಷ್ಷು ಬೇಗ ಮುಗಿದವು. ವೈರಿಂಗ್ ಮುಗಿಯಲಿಲ್ಲ. ಆಕ್ಸಿಲರೇಟರ್ ಪೆಡಲ್ಲಿನಿಂದ ಬೀಗದ ಕೈವರೆಗೆ ಎಲ್ಲ ಆ ಎಂಜಿನ್ನಿನದ್ದೇ ಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಡೀಸೆಲ್ ಬಿಡುವುದಿಲ್ಲ. ಸ್ಕ್ಯಾನರ್ ಹಿಡಿದು ಬಂದ ಹುಡುಗ ಭಾಯ್ ಪಕ್ಕ ಕೂತು ಒಂದೊಂದೇ ಎಳೆ ಹುಡುಕಿದ, ಭಾಯ್ ಅವನಿಗೆ ಟಾರ್ಚ್ ಹಿಡಿದರು. ಗಾಡಿ ಸ್ಟಾರ್ಟ್ ಆಯಿತು.

2023ರ ಮಾರ್ಚಿನಲ್ಲಿ ಮೈಸೂರಿನ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ರಾಮನಗರ, ಚನ್ನಪಟ್ಟಣ ಎರಡೂ ಬೈಪಾಸಿನ ಆಚೆಗೆ ಉಳಿದವು. ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗಾದದ್ದೇ ನಮಗೂ ಆಯಿತು. ದಾರಿಹೋಕ ಗಾಡಿಗಳು ನಿಂತವು, ಊರಿನ ಗಾಡಿಗಳಷ್ಟೇ ಉಳಿದವು. ಭಾಯ್ ಈಗ ಗ್ಯಾರೇಜನ್ನು ಮಗನಿಗೆ ಬಿಟ್ಟಿದ್ದಾರೆ.

ಮೊನ್ನೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಯುವಕನೊಬ್ಬ ನಮ್ಮಲ್ಲಿಗೆ ಬಂದಿದ್ದ. ತಾತನ ಕಾಲದ ಪಿಕಪ್ಪಿಗೆ ಬ್ಯಾಟರಿ ಮೋಟರ್ ಹಾಕಿಸುವ ಯೋಚನೆ. ಇಂಧನ ಬದಲಾಯಿಸುವ ಮಂಜೂರಾದ ಕಿಟ್‌ಗಳಿಗೆ ಅದೇ 52ನೇ ಸೆಕ್ಷನ್ನಿನಲ್ಲಿ ದಾರಿ ಇದೆ, ಕಿಟ್ ಮಂಜೂರಾದದ್ದೇ ಎಂದು ಮೊದಲು ವಿಚಾರಿಸಿಕೊಂಡು ಬಾ ಎಂದು ಹೇಳಿದೆ. ಮೋಟರಿಗೂ ಗೇರ್‌ಬಾಕ್ಸಿಗೂ ನಡುವೆ ಏನು ಬರುತ್ತದೆ ಎಂದು ಕೇಳಿದ. ಒಳಗಿಂದ ಹಳೇ ಪ್ಲೇಟೊಂದನ್ನು ತಂದು ಅವನ ಕೈಗಿಟ್ಟು, ನಡುವಿನ ವೃತ್ತವನ್ನು ಅಳೆಯುವ ಬಗೆಯನ್ನು ತೋರಿಸಿದೆ. ಬ್ಯಾಟರಿ ಎಷ್ಟು ತೂಕ, ಅದು ಕೂರುವುದು ಮುಂದೋ ಹಿಂದೋ, ಇಳಿಜಾರಿನಲ್ಲಿ ಆ ತೂಕವನ್ನು ಯಾವ ಬ್ರೇಕು ಹಿಡಿಯಬೇಕು ಎಂದು ಭಾಯ್ ಮಗ ಕೇಳಿದ. ಅದನ್ನೆಲ್ಲ ಬರೆದುಕೊಂಡು ಹೋಗಿದ್ದಾನೆ, ಕಿಟ್ಟಿನವರ ಉತ್ತರ ತಂದ ಮೇಲೆ ಪಿಕಪ್ಪಿನ ಡ್ರಮ್ ಬಿಚ್ಚಿ ನೋಡುವುದೆಂದು ಮಾತಾಗಿದೆ.