ಸೂರಿನ ಲೆಕ್ಕ

ಕಳೆದ ಟರ್ಮಿನಲ್ಲಿ ನಮ್ಮ ಕಾಲೇಜಿನ ಚರ್ಚಾಕೂಟದವರು "ಸೂರಿಲ್ಲದವರಿಗೆ ಸೂರು ಕೊಡುವುದು ನಗರಸಭೆಯ ಹೊಣೆ" ಎಂಬ ವಿಷಯವನ್ನಿಟ್ಟು ಒಂದು ಚರ್ಚೆ ಏರ್ಪಡಿಸಿದ್ದರು. ವಿಷಯದ ಪರವಾಗಿ ನಿಂತವರು ಕರುಣೆಯನ್ನು ಕುರಿತು ಮಾತನಾಡಿದರು. ವಿರೋಧವಾಗಿ ನಿಂತವರು ಖಜಾನೆಯನ್ನು ಕುರಿತು ಮಾತನಾಡಿದರು. "ರಸ್ತೆಯ ಗುಂಡಿಯನ್ನೇ ಮುಚ್ಚಲಾರದ ನಗರಸಭೆ ಮನೆ ಕಟ್ಟಿಕೊಡುತ್ತದೆಯೆ?" ಎಂದು ಮಿತ್ರರೊಬ್ಬರು ಕೇಳಿದಾಗ ಎದ್ದ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಕರುಣೆಗೂ ಖಜಾನೆಗೂ ಬಾಂಧವ್ಯವೇ ಇಲ್ಲವೆಂಬಂತೆ ಆ ಸಂಜೆಯೆಲ್ಲ ಮಾತು ನಡೆಯಿತು. ನಾನು ಮಾತನಾಡಲಿಲ್ಲ. ನಾನು ಹೇಳಬೇಕೆಂದಿದ್ದುದು ಐದು ನಿಮಿಷಕ್ಕೆ ಅಡಗುವಂಥದಾಗಿರಲಿಲ್ಲ. ಈ ಸಂಚಿಕೆಯ ಸಂಪಾದಕರು ಅಧ್ಯಕ್ಷರ ಗಂಟೆಗಿಂತ ಉದಾರಿಗಳಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ವಿಷಯ ಬರೆಯಲು ನನಗೆ ಒಂದು ಬಗೆಯ ಅಧಿಕಾರವೂ ಉಂಟು. ನಮ್ಮ ತಂದೆ ಗಾರೆ ಕೆಲಸದವರು; ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಬಂದವರು. ಅವರ ಕೈ ತಾಗಿದ ಮನೆಗಳು ಐವತ್ತಕ್ಕೆ ಕಡಮೆಯಿರಲಾರವು. ಅವುಗಳಲ್ಲಿ ಹನ್ನೊಂದರಲ್ಲಿ ನಾನು ವಾಸ ಮಾಡಿದ್ದೇನೆ, ಬಾಗಿಲು ಕಿಟಕಿಗಳು ಬರುವುದಕ್ಕೆ ಮುಂಚೆ. ಮನೆ ಕಟ್ಟಿಸುವವರು ಕೆಲಸದವರ ಸಂಸಾರವೊಂದನ್ನು ಸೈಟಿನಲ್ಲಿಯೇ ಇಟ್ಟುಕೊಳ್ಳುವುದು ವಾಡಿಕೆ. ಸಿಮೆಂಟಿಗೆ ಕಾವಲೂ ಆಯಿತು, ಗೋಡೆಗೆ ನೀರು ಹಾಕುವುದೂ ಆಯಿತು. ಮೊದಲು ತಗಡಿನ ಶೆಡ್ಡು, ತಾರಸಿ ಹಾಕಿದ ಮೇಲೆ ಒಳಗಿನ ಒಂದು ಕೋಣೆ, ನೆಲಕ್ಕೆ ಕಲ್ಲು ಹಾಸುವ ಹೊತ್ತಿಗೆ ಮತ್ತೆ ಶೆಡ್ಡು. ಗೃಹಪ್ರವೇಶದ ದಿವಸ ಹೋಳಿಗೆ ಊಟ ಮಾಡಿ, ಮನೆಯವರು ಅಮ್ಮನಿಗೆ ಕೊಟ್ಟ ಸೀರೆಯನ್ನು ಗಂಟಿನ ಮೇಲಿಟ್ಟುಕೊಂಡು ಮುಂದಿನ ಸೈಟಿಗೆ ಹೊರಡುವುದು. ಇದನ್ನು ದುಃಖದಿಂದ ಹೇಳುತ್ತಿಲ್ಲ. ನನ್ನಷ್ಟು ದೊಡ್ಡ ಮರಳುಗುಡ್ಡೆ ತರಗತಿಯಲ್ಲಿ ಮತ್ತಾರ ಅಂಗಳದಲ್ಲಿಯೂ ಇರಲಿಲ್ಲ. ಶಾಲೆಯಲ್ಲಿ ಕಾಯಂ ವಿಳಾಸ ಬರೆಯೆಂದಾಗ ಮಾತ್ರ ತೊಡಕು.

2011ರ ಜನಗಣತಿ ನಮ್ಮ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷವೆಂದು ಲೆಕ್ಕ ಕೊಟ್ಟಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. ರಸ್ತೆಯ ಬದಿ, ಸೇತುವೆಯ ಕೆಳಗೆ, ದೊಡ್ಡ ಕೊಳವೆಗಳ ಒಳಗೆ ಮಲಗುವವರು ಇವರು. ಅದೇ ಗಣತಿಯಲ್ಲಿ ಪಟ್ಟಣಗಳಲ್ಲಿ ಬೀಗ ಹಾಕಿ ಬಿದ್ದಿದ್ದ ಮನೆಗಳು ಒಂದು ಕೋಟಿಯನ್ನು ದಾಟಿದ್ದುವು. ನಾವು ಆ ವರ್ಷ ಈ ಎರಡು ಲೆಕ್ಕದಲ್ಲಿ ಯಾವುದರಲ್ಲಿಯೂ ಬಂದಿರಲಾರೆವು.

ಇರಲಿ, ವಿಯೆನ್ನಾಕ್ಕೆ ಹೋಗೋಣ. ಖಜಾನೆ ಬರಿದಾಗಿದ್ದಾಗಲೇ ಮನೆ ಕಟ್ಟಲು ಹೊರಟ ನಗರ ಅದು.

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ವಿಯೆನ್ನಾ ಒಂದು ಸಾಮ್ರಾಜ್ಯದ ರಾಜಧಾನಿ. ಇಪ್ಪತ್ತು ಲಕ್ಷಕ್ಕೆ ಮಿಕ್ಕಿದ ಜನ. ಸಂಗೀತಕ್ಕೂ ಅರಮನೆಗಳಿಗೂ ಹೆಸರಾದ ಆ ಊರಿನಲ್ಲಿ ಕೂಲಿಗಾರನ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ನಲ್ಲಿಯೂ ಪಾಯಖಾನೆಯೂ ಹೊರಗಿನ ಓಣಿಯಲ್ಲಿ, ಹಲವು ಸಂಸಾರಗಳಿಗೆ ಸೇರಿ ಒಂದು. ಅಷ್ಟರ ಬಾಡಿಗೆಯನ್ನೂ ತೆರಲಾರದವರು ತಮ್ಮ ಕೋಣೆಯ ಒಂದು ಹಾಸಿಗೆಯನ್ನು ಪರರಿಗೆ ಬಾಡಿಗೆಗೆ ಕೊಡುತ್ತಿದ್ದರು. ಇರುಳು ಒಬ್ಬ ಮಲಗಿ ಎದ್ದುಹೋದ ಮೇಲೆ ರಾತ್ರಿಪಾಳಿ ಮುಗಿಸಿ ಬಂದವನು ಅದೇ ಹಾಸಿಗೆಯಲ್ಲಿ ಹಗಲು ಮಲಗುವನು. ಇಂಥವರಿಗೆ ಆ ಭಾಷೆಯಲ್ಲಿ "ಹಾಸಿಗೆಗೆ ಬಂದುಹೋಗುವವರು" ಎಂಬ ಅರ್ಥದ ಒಂದು ಹೆಸರೇ ಇತ್ತು.

ಯುದ್ಧ ಮುಗಿದು ಸಾಮ್ರಾಜ್ಯ ಒಡೆಯಿತು. ಹಸಿದ ಜನ ಊರಾಚೆಯ ಬಯಲಿನಲ್ಲಿ ತಾವೇ ಗುಡಿಸಲು ಹಾಕಿಕೊಂಡು ತರಕಾರಿ ಬೆಳೆಯತೊಡಗಿದರು. 1919ರ ಚುನಾವಣೆಯಲ್ಲಿ ಸೋಷಿಯಲ್ ಡೆಮೊಕ್ರಾಟರು ನಗರಸಭೆಯನ್ನು ಗೆದ್ದರು. 1923ರಲ್ಲಿ ಮೇಯರಾದವರು ಕಾರ್ಲ್ ಜೈಟ್ಸ್. ಚಿತ್ರಗಳಲ್ಲಿ ಕಾಣುವವರು ಅವರು. ಆದರೆ ನನ್ನ ಮನಸ್ಸನ್ನು ಹಿಡಿದವರು ನಗರದ ಹಣಕಾಸನ್ನು ನೋಡಿಕೊಂಡ ಹ್ಯೂಗೋ ಬ್ರೈಟ್ನರ್. ಈತ ಬೀದಿಯ ಭಾಷಣಕಾರರಲ್ಲ. ಅದಕ್ಕೆ ಮುಂಚೆ ದೊಡ್ಡ ಬ್ಯಾಂಕೊಂದರ ನಿರ್ದೇಶಕರಾಗಿದ್ದವರು.

ಮನೆಗೆ ಬಂದು ತಂದೆಗೆ ಈ ಕಥೆ ಹೇಳುತ್ತಿದ್ದೆ. ಅವರು ಕೇಳಿದ ಮೊದಲನೆಯ ಪ್ರಶ್ನೆ, ಚರ್ಚಾಕೂಟದಲ್ಲಿ ವಿರೋಧ ಪಕ್ಷದವರು ಕೇಳಿದ್ದೇ: "ಅಷ್ಟು ಮನಿ ಕಟ್ಟಾಕ ರೊಕ್ಕ ಯಾರು ಕೊಟ್ರಪಾ?"

ಕೊಟ್ಟವರು ಊರಿನ ಸ್ಥಿತಿವಂತರು. 1922ರಲ್ಲಿ ವಿಯೆನ್ನಾ ನಗರ ತಾನೇ ಒಂದು ಪ್ರಾಂತವೂ ಆಯಿತು. ಆದ್ದರಿಂದ ತೆರಿಗೆ ಹಾಕುವ ಅಧಿಕಾರ ಕೈಗೆ ಬಂತು. 1923ರಲ್ಲಿ ಗೃಹನಿರ್ಮಾಣ ತೆರಿಗೆಯೆಂದು ಹೊಸದೊಂದನ್ನು ತಂದರು. ಬಾಡಿಗೆಯ ಮನೆ, ಅಂಗಡಿ, ಬಂಗಲೆ ಎಲ್ಲಕ್ಕೂ ತೆರಿಗೆ. ಆದರೆ ಚಿಕ್ಕ ಮನೆಗೆ ಚಿಕಣಿಯಷ್ಟು, ದೊಡ್ಡ ಬಂಗಲೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವಷ್ಟು. ಊರಿನಲ್ಲಿ ತೀರ ಬೆಲೆಬಾಳುವ ನೂರಕ್ಕೆ ಅರ್ಧ ಪಾಲು ಕಟ್ಟಡಗಳಿಂದಲೇ ಈ ತೆರಿಗೆಯ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಹಣ ಬಂತು. ಸಾಲದುದಕ್ಕೆ ಷಾಂಪೇನಿಗೆ, ಮೋಟಾರಿಗೆ, ಪಂದ್ಯದ ಕುದುರೆಗೆ, ಮನೆಯ ಆಳುಗಳಿಗೆ ಬೇರೆ ತೆರಿಗೆಗಳು. ಒಬ್ಬ ಆಳಿಗೆ ಏನೂ ಇಲ್ಲ. ಎರಡನೆಯ ಆಳಿನಿಂದ ಲೆಕ್ಕ ಶುರು. ಬ್ರೈಟ್ನರರನ್ನು ಶ್ರೀಮಂತರ ಪತ್ರಿಕೆಗಳು ಬೈದಷ್ಟು ಆ ಊರಿನಲ್ಲಿ ಬೇರೆ ಯಾರನ್ನೂ ಬೈದಿರಲಾರವು. ಯುದ್ಧಕಾಲದ ಕಾನೂನು ಬಾಡಿಗೆಗಳನ್ನು ಹಿಡಿದು ನಿಲ್ಲಿಸಿದ್ದರಿಂದ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದು ಲಾಭದ ಕಸುಬಾಗಿ ಉಳಿದಿರಲಿಲ್ಲ; ನೆಲದ ಬೆಲೆ ಕುಸಿದಿತ್ತು. ಆ ಹೊತ್ತಿನಲ್ಲಿ ನಗರಸಭೆ ನೆಲವನ್ನು ಕೊಂಡು ಇಟ್ಟುಕೊಂಡಿತು. ಅರ್ಥಶಾಸ್ತ್ರದ ಅಧ್ಯಾಪಕರು ಬಾಡಿಗೆ ನಿಯಂತ್ರಣದ ಕೆಡಕುಗಳನ್ನು ನಮಗೆ ಚೆನ್ನಾಗಿ ಪಾಠ ಹೇಳಿದ್ದಾರೆ. ಖಾಸಗಿಯವರು ಕೈಬಿಟ್ಟ ಕೆಲಸವನ್ನು ನಗರವೇ ಕೈಗೆ ತೆಗೆದುಕೊಂಡರೆ ಆ ಪಾಠ ಹೇಗೆ ತಿರುಗುತ್ತದೆಂಬುದು ಪಠ್ಯಪುಸ್ತಕದಲ್ಲಿಲ್ಲ.

1934ರೊಳಗೆ ಎದ್ದುನಿಂತ ಮನೆಗಳು ಅರವತ್ತು ಸಾವಿರವನ್ನು ಮೀರಿದುವು. ಬಾಡಿಗೆಯಲ್ಲಿ ಕಟ್ಟಿದ ಖರ್ಚನ್ನು ವಸೂಲುಮಾಡುವ ಹಟ ಅವರಿಗಿರಲಿಲ್ಲ. ರಿಪೇರಿಗೂ ಉಸ್ತುವಾರಿಗೂ ಆಗುವಷ್ಟು ತೆಗೆದುಕೊಂಡರು. ಕೂಲಿಗಾರನ ಸಂಪಾದನೆಯಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು. ಮನೆಗಳು ದೊಡ್ಡವೇನಲ್ಲ, ಹಲವು ನಾಲ್ಕುನೂರು ಚದರ ಅಡಿಯ ಆಸುಪಾಸಿನವು. ಒಳಗೆ ಸ್ನಾನದ ಮನೆಯಿಲ್ಲ. ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಎಲ್ಲರಿಗೂ ಸೇರಿದ ಕಟ್ಟಡಗಳು. ಜೊತೆಗೆ ಶಿಶುವಿಹಾರ, ಪುಸ್ತಕಾಲಯ, ನಡುವೆ ಮರಗಳಿರುವ ವಿಶಾಲವಾದ ಅಂಗಳ. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡದ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ 1,382 ಮನೆಗಳು. ಇಷ್ಟಾದರೂ ಇಡೀ ನಿವೇಶನದಲ್ಲಿ ಗೋಡೆ ಎದ್ದಿರುವುದು ಐದರಲ್ಲಿ ಒಂದು ಪಾಲಿಗಿಂತ ಕಡಮೆ. ಉಳಿದುದೆಲ್ಲ ಬಯಲು ಮತ್ತು ತೋಟ.

ತಂದೆಗೆ ಇವೆಲ್ಲಕ್ಕಿಂತ ಬೇರೆ ಸಂಗತಿಗಳು ಬೇಕಾಗಿದ್ದುವು. "ಗ್ವಾಡಿ ಇಟ್ಟಂಗಿದೋ, ಕಾಂಕ್ರೀಟಿಂದೋ?" ಎಂದು ಕೇಳಿದರು. ಇಟ್ಟಿಗೆಯದೇ ಹೆಚ್ಚು. ಯಂತ್ರಗಳನ್ನು ತಂದು ಬೇಗ ಮುಗಿಸಬಹುದಾಗಿತ್ತು. ಆದರೆ ಊರಿನಲ್ಲಿ ನಿರುದ್ಯೋಗ ಹೆಚ್ಚಿದ್ದುದರಿಂದ ಹೆಚ್ಚು ಕೈಗಳಿಗೆ ಕೆಲಸ ಸಿಗಲೆಂದು ನಗರಸಭೆ ಬೇಕೆಂದೇ ಗಾರೆಯವರ ಹಳೆಯ ಪದ್ಧತಿಯಲ್ಲಿ ಕಟ್ಟಿಸಿತು. ಈ ಮಾತು ಕೇಳಿ ಅವರಿಗೆ ಬ್ರೈಟ್ನರರ ಮೇಲೆ ಒಮ್ಮೆಗೇ ಗೌರವ ಹುಟ್ಟಿತು. "ನಳ ಮನಿ ಒಳಗ ಇತ್ತೇನು?" ಎಂದು ಅಮ್ಮ ಒಲೆಯ ಮುಂದಿನಿಂದ ಕೇಳಿದಳು. ಇತ್ತು, ಪ್ರತಿ ಮನೆಯ ಒಳಗೂ ನಲ್ಲಿ, ಪ್ರತಿ ಮನೆಯ ಒಳಗೂ ಪಾಯಖಾನೆ. ವಿಯೆನ್ನಾದ ಹೆಂಗಸರು ಕೂಡ ಎಲ್ಲಕ್ಕಿಂತ ಮೊದಲು ನೋಡಿದ್ದು ಅದನ್ನೇ ಇರಬೇಕು.

ಆ ಮನೆಗಳ ಹೊರಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ಇಂಥ ವರ್ಷಗಳಲ್ಲಿ ಗೃಹನಿರ್ಮಾಣ ತೆರಿಗೆಯ ಹಣದಿಂದ ವಿಯೆನ್ನಾ ನಗರ ಇದನ್ನು ಕಟ್ಟಿತು ಎಂದು ಬರೆದಿದೆ. ನಮ್ಮಲ್ಲಿ ಬಸ್ಸು ನಿಲ್ಲುವ ಒಂದು ತಂಗುದಾಣಕ್ಕೂ ಕಟ್ಟಿಸಿದ ಮಹನೀಯರ ಹೆಸರೂ ಭಾವಚಿತ್ರವೂ ಬೇಕು. ಅಲ್ಲಿ ತೆರಿಗೆಯ ಹೆಸರನ್ನು ಬರೆದರು!

1934ರ ಫೆಬ್ರವರಿ 12ರಂದು ಆಸ್ಟ್ರಿಯಾದಲ್ಲಿ ಅಂತರ್ಯುದ್ಧ ಹೊತ್ತಿ, ಸರ್ಕಾರದ ಸೇನೆ ಕಾರ್ಲ್ ಮಾರ್ಕ್ಸ್ ಹೋಫಿನ ಮೇಲೆ ಫಿರಂಗಿ ಹಾರಿಸಿತು. ಜೈಟ್ಸರನ್ನು ನಗರಭವನದಲ್ಲಿಯೇ ಸೆರೆಹಿಡಿದರು. ಬ್ರೈಟ್ನರ್ 1932ರಲ್ಲೇ ಅನಾರೋಗ್ಯದಿಂದ ಅಧಿಕಾರ ಬಿಟ್ಟಿದ್ದರು. ಯೆಹೂದಿ ಮನೆತನದವರಾದ ಅವರು 1938ರಲ್ಲಿ ದೇಶ ಬಿಟ್ಟು ಹೋಗಿ 1946ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಗೃಹನಿರ್ಮಾಣ ತೆರಿಗೆಯ ಕಾನೂನನ್ನು ರೂಪಿಸಿದ ರಾಬರ್ಟ್ ಡಾನೆಬರ್ಗ್ 1942ರಲ್ಲಿ ಆಷ್‌ವಿಟ್ಸ್‌ನಲ್ಲಿ ಮಡಿದರು. ಊರಿನವರಿಗೆ ಮನೆ ಕೊಟ್ಟವರಿಗೆ ಊರೇ ಇಲ್ಲದಂತಾಯಿತು. ಮನೆಗಳು ಮಾತ್ರ ಇವೆ. ಯುದ್ಧದ ತರುವಾಯವೂ ಕಟ್ಟುತ್ತ ಹೋಗಿ ಇಂದು ನಗರಸಭೆಯ ಸ್ವಂತ ಮನೆಗಳೇ ಸುಮಾರು ಎರಡು ಲಕ್ಷ ಇಪ್ಪತ್ತು ಸಾವಿರ. ನಗರಸಭೆಯ ಮನೆಗಳೂ ಸರ್ಕಾರದ ನೆರವಿನ ಮನೆಗಳೂ ಸೇರಿ ಊರಿನ ಅರ್ಧದಷ್ಟು ಜನಕ್ಕೆ ಆಶ್ರಯವಾಗಿವೆ.

ಆದರೂ ವಿಯೆನ್ನಾವನ್ನು ಸ್ವರ್ಗವೆಂದು ನಾನು ಹೇಳಲಾರೆ. 2015ರಲ್ಲಿ ಆ ನಗರ ತಂದ ನಿಯಮದ ಪ್ರಕಾರ ನಗರಸಭೆಯ ಮನೆಗೆ ಅರ್ಜಿ ಹಾಕುವವನು ಎರಡು ವರ್ಷ ಒಂದೇ ವಿಳಾಸದಲ್ಲಿ ನೆಲೆಸಿದ್ದವನಾಗಿರಬೇಕಾಗಿತ್ತು. ಇದನ್ನು ಓದಿ ಹೇಳಿದಾಗ ತಂದೆ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಅಲ್ಲಿಗೇ ನಿಲ್ಲಿಸಿ, "ಎರಡು ವರ್ಷ ಒಂದ ಕಡಿ ಇದ್ದದ್ದು ಚೀಟಿ ತೋರಿಸಬೇಕಂದ್ರ, ಅಲ್ಲೂ ನಮಗ ಇಲ್ಲ ಬಿಡು" ಎಂದರು. ಇದಕ್ಕೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಯಾರಿಗೆ ನೆಲೆಯಿಲ್ಲವೋ ಅವರನ್ನೇ ನೆಲೆಯ ಪುರಾವೆ ಕೇಳುವುದು ಎಲ್ಲ ದೇಶದ ಕಚೇರಿಗಳಿಗೂ ಸಾಮಾನ್ಯವಾದ ಗುಣವೆಂದು ತೋರುತ್ತದೆ.

ಈ ಗಂಟನ್ನು ಸ್ವಲ್ಪ ಬಿಡಿಸಿದವರು ಫಿನ್ಲೆಂಡಿನವರು. 1987ರಲ್ಲಿ ಅಲ್ಲಿ ಮನೆಯಿಲ್ಲದವರು 18,000ಕ್ಕೂ ಹೆಚ್ಚು. ಮೊದಲು ಕುಡಿತ ಬಿಡು, ಕೆಲಸ ಹಿಡಿ, ಆಮೇಲೆ ಮನೆ ಎನ್ನುವುದು ಹಿಂದಿನ ಕ್ರಮ. 2008ರಿಂದ ಅದನ್ನು ತಲೆಕೆಳಗು ಮಾಡಿದರು: ಮೊದಲು ಅವನ ಹೆಸರಿನಲ್ಲಿ ಕರಾರುಪತ್ರ, ಕೈಗೆ ಬೀಗದಕೈ, ಉಳಿದುದು ಆಮೇಲೆ. ರಾಜಧಾನಿ ಹೆಲ್ಸಿಂಕಿಯಲ್ಲಿ ಸಾಲುಹಾಸಿಗೆಯ ತಂಗುದಾಣಗಳನ್ನು ಬಾಗಿಲು ಹಾಕುವ ಮನೆಗಳಾಗಿ ಮಾರ್ಪಡಿಸಿದರು. 2023ರ ಹೊತ್ತಿಗೆ ದೇಶದಲ್ಲಿ ಸಂಖ್ಯೆ ಮೂರೂವರೆ ಸಾವಿರದಷ್ಟಕ್ಕೆ ಇಳಿದಿತ್ತು. 2024ರಲ್ಲಿ ಮತ್ತೆ ತುಸು ಏರಿತು.

ನಮ್ಮಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ರಾತ್ರಿ ತಂಗುದಾಣ ಇರಬೇಕೆಂದು ಆಜ್ಞೆ ಮಾಡಿತು. ತಂಗುದಾಣ ಬೇಕು, ಬೇಡವೆನ್ನುವವರು ಮಳೆಯಲ್ಲಿ ಮಲಗಿ ನೋಡಲಿ. ಆದರೆ ಬೆಂಗಳೂರಿನಲ್ಲಿ ಬ್ರೈಟ್ನರರ ಕೆಲಸ ಮಾಡಬೇಕೆಂದು ಒಬ್ಬರು ಹೊರಟರೆ ಯಾವ ಕುರ್ಚಿಯಲ್ಲಿ ಕೂಡಬೇಕು? 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ ಮಲ್ಲೇಶ್ವರಗಳು ಎದ್ದುವು. 1945ರಲ್ಲಿ ನಗರಾಭಿವೃದ್ಧಿಗೆ ಒಂದು ಟ್ರಸ್ಟ್ ಬೋರ್ಡು ಬಂತು, 1976ರಲ್ಲಿ ಅದು ಅಭಿವೃದ್ಧಿ ಪ್ರಾಧಿಕಾರವಾಯಿತು. ಕೊಳೆಗೇರಿಗೆ ಬೇರೆ ಮಂಡಳಿ, ಗೃಹನಿರ್ಮಾಣಕ್ಕೆ ಬೇರೆ ಮಂಡಳಿ. ನೆಲ ಒಬ್ಬರ ಕೈಯಲ್ಲಿ, ತೆರಿಗೆ ಇನ್ನೊಬ್ಬರ ಕೈಯಲ್ಲಿ, ಅರ್ಜಿ ಮತ್ತೊಬ್ಬರ ಮೇಜಿನ ಮೇಲೆ. ಗುಂಡಿಯ ಮಾತೆತ್ತಿದ ನನ್ನ ಮಿತ್ರರು ಇದನ್ನು ಹೇಳಿದ್ದರೆ ಚಪ್ಪಾಳೆಗೆ ನಾನೂ ಸೇರುತ್ತಿದ್ದೆ.

ಸೈಟುಗಳ ವಾಸ ಬಿಟ್ಟು ನಾವು ಈಗ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದೇವೆ. ಈ ಊರಿನ ಪದ್ಧತಿಯಂತೆ ಹನ್ನೊಂದು ತಿಂಗಳ ಕರಾರು. ಮುಗಿದೊಡನೆ ಬಾಡಿಗೆ ಏರಿಸಿ ಹೊಸ ಕಾಗದ. ಮೊನ್ನೆ ತಂದೆ ಮನೆಯ ಯಜಮಾನರ ಹತ್ತಿರ ಹೋಗಿ, ಮುಂದಿನ ಸಲ ಎರಡು ವರ್ಷಕ್ಕೆ ಬರೆದುಕೊಡಬಹುದೆ ಎಂದು ಕೇಳಿ ಬಂದರು. ಹಿಂದಿನ ಗೋಡೆಯ ಗಾರೆ ಉದುರಿದೆ, ಕೂಲಿಯಿಲ್ಲದೆ ಮಾಡಿಕೊಡುತ್ತೇನೆಂದೂ ಹೇಳಿದರಂತೆ. ಯಜಮಾನರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.