ಪಾಲಾಗದ ಗಾಡಿ

ನಮ್ಮ ಹೊಲ ಮನೆಗಳು 2009ರಲ್ಲಿ ಮೂವರು ಅಣ್ಣತಮ್ಮಂದಿರ ನಡುವೆ ಪಾಲಾದವು. ಹಿತ್ತಾಳೆಯ ಹಂಡೆಯಿಂದ ಹಿಡಿದು ತೊಟ್ಟಿಲಿನವರೆಗೆ ಪ್ರತಿಯೊಂದಕ್ಕೂ ಒಬ್ಬೊಬ್ಬ ಒಡೆಯ ಗೊತ್ತಾದನು. ಉಳಿದದ್ದು ಒಂದೇ: ಮನೆತನ ಕೂಡಿದ್ದಾಗ, 2003ರಲ್ಲಿ, ಕೊಂಡಿದ್ದ ಟೊಯೋಟಾ ಕ್ವಾಲಿಸ್. ಅದನ್ನು ಮಾರಿ ಹಣ ಹಂಚಿಕೊಳ್ಳಬೇಕೆಂದು ಹಿರಿಯರು ಸೂಚಿಸಿದಾಗ ಅವ್ವ, "ಹೊಲಾ ಹಂಚ್ಕೋರಿ, ಮನೀ ಹಂಚ್ಕೋರಿ. ಗಾಡಿ ಇರ್ಲಿ, ಬನಶಂಕರಿ ಜಾತ್ರಿಗರೆ ಎಲ್ಲಾರೂ ಕೂಡಿ ಹೋಗ್ರಿ" ಎಂದಳು. ಹೀಗೆ ಗಾಡಿ ಅವಿಭಕ್ತವಾಗಿಯೇ ಉಳಿಯಿತು.

ಬೆಂಗಳೂರಿನ ಬಳಿಯ ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ವಾಹನವಿದು. ಹಿಂಭಾಗದಲ್ಲಿ ಎದುರುಬದುರಾದ ಎರಡು ಬೆಂಚುಗಳಿರುವ ನಮ್ಮ ಗಾಡಿಯಲ್ಲಿ ಹತ್ತು ಜನ ಕೂಡಬಹುದು. ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡ ದಿನಗಳ ಲೆಕ್ಕವನ್ನು ಇಲ್ಲಿ ಬರೆಯದಿರುವುದೇ ಲೇಸು. ಹಿಂದಿನ ಗಾಲಿಗಳಿಗೆ ಚಕ್ಕಡಿಯ ಕಾಲವನ್ನು ನೆನಪಿಸುವಂತಹ ಪಟ್ಟಿಯ ಸ್ಪ್ರಿಂಗುಗಳಿವೆ. ಇಬ್ಬರೇ ಕುಳಿತು ಹೊರಟರೆ ಅದು ಸೊಂಟ ಮುರಿಯುವಂತೆ ಕುಪ್ಪಳಿಸುತ್ತದೆ. ಮನೆಮಂದಿಯೆಲ್ಲ ಬುತ್ತಿ ಗಂಟುಗಳೊಡನೆ ಏರಿದರೆ ಸ್ಪ್ರಿಂಗು ಬಾಗಿ, ತೊಟ್ಟಿಲಿನಂತೆ ಮೆತ್ತಗೆ ಸಾಗುತ್ತದೆ.

ಆದರೆ ಇಂತಹ ಗಾಡಿಯನ್ನು ಸಾಕುವುದು ಸುಲಭವಲ್ಲ. ಓಡಿಸಿದರೆ ಖರ್ಚು ಎನ್ನುವವರುಂಟು; ನಿಲ್ಲಿಸಿದರೆ ಅದಕ್ಕಿಂತ ಹೆಚ್ಚು ಖರ್ಚು ಎಂಬುದು ನನ್ನ ಅನುಭವ. ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆ, ಇಲಿಗಳು ವೈರು ಕಡಿಯುತ್ತವೆ, ಟಾಯರು ಸವೆಯದೆಯೇ ಮುಪ್ಪಾಗುತ್ತದೆ. ಟಾಯರಿನ ಬದಿಯಲ್ಲಿ ನಾಲ್ಕು ಅಂಕಿಗಳು ಒತ್ತಿರುತ್ತವೆ. 2319 ಎಂದಿದ್ದರೆ ಅದು 2019ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಮೇಲಿನ ಗೀರುಗಳು ಹೊಸದರಂತೆ ಕಂಡರೂ ಈ ಅಂಕಿ ನೋಡದೆ ದೂರದ ಪ್ರಯಾಣಕ್ಕೆ ಹೊರಡಬಾರದು. ಎಂಜಿನ್ನಿನೊಳಗಿನ ಟೈಮಿಂಗ್ ಬೆಲ್ಟನ್ನು ಸುಮಾರು ಒಂದು ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕು. ರಬ್ಬರಿನ ಆ ಪಟ್ಟಿ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾದೀತು. ಅಣ್ಣನವರು ಇದನ್ನೆಲ್ಲ ಕೆಂಪು ಬಟ್ಟೆಯ ವಹಿಯೊಂದರಲ್ಲಿ ದಿನಾಂಕ ಸಹಿತ ಬರೆದಿಡುತ್ತಿದ್ದರು. ವರ್ಷದ ಕೊನೆಗೆ ಒಟ್ಟು ಖರ್ಚನ್ನು ಮೂರು ಪಾಲು ಮಾಡಿ ಕಳಿಸುವರು, ಯಾರೂ ಚಕಾರವೆತ್ತುತ್ತಿರಲಿಲ್ಲ.

ಹದಿನೈದು ವರ್ಷ ತುಂಬಿದ ಖಾಸಗಿ ವಾಹನವನ್ನು ಪರೀಕ್ಷೆಗೊಡ್ಡಿ, ಐದು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. 2018ರಲ್ಲಿ ಅದರ ಶುಲ್ಕ 600 ರೂಪಾಯಿಯಿತ್ತು. 2023ರಲ್ಲಿ 5,000 ರೂಪಾಯಿ ಕಟ್ಟಿದೆವು. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದ್ದಾರೆ. ಹಳೆಯದನ್ನು ಇಟ್ಟುಕೊಳ್ಳಬೇಡಿರೆಂದು ಸರಕಾರ ಹೇಳುವ ರೀತಿಯಿದು. ಹೊಗೆಯ ವಿಚಾರದಲ್ಲಿ ಅದರ ಮಾತನ್ನು ತಳ್ಳಿಹಾಕಲೂ ಆಗದು.

ಹಣದ ಪ್ರಶ್ನೆ ಹೇಗೋ ಬಗೆಹರಿಯುತ್ತಿತ್ತು. 2024ರಲ್ಲಿ ಅಣ್ಣನವರು ಲಿಂಗೈಕ್ಯರಾದಾಗ ನಿಜವಾದ ಪ್ರಶ್ನೆ ಎದುರಾಯಿತು. ಗಾಡಿ ಮೂವರದಾದರೂ ನೋಂದಣಿ ಪತ್ರದಲ್ಲಿದ್ದದ್ದು ಅವರೊಬ್ಬರ ಹೆಸರು. ಮಾಲೀಕನು ತೀರಿಕೊಂಡರೆ ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಪುಣೆಯಲ್ಲಿರುವ ಅಣ್ಣನ ಮಗ, "ಕಾಕಾ, ನಿಮ್ಮ ಹೆಸರಿಗೇ ಮಾಡ್ಕೋರಿ" ಎಂದನು. ತಮ್ಮ ಏನೂ ಹೇಳಲಿಲ್ಲ. ಅವನ ಮೌನ ನನಗೆ ಅರ್ಥವಾಯಿತು: ಇಂದು ನನ್ನ ಹೆಸರಾದರೆ ನಾಳೆ ನನ್ನ ಮಕ್ಕಳ ಸೊತ್ತು. ಪಾಲಿನ ದಿನಗಳಲ್ಲಿಯೂ ಏಳದಿದ್ದ ಮಾತು, ಮಾರಿದರೆ ಲಕ್ಷವೂ ಬಾರದ ಗಾಡಿಗಾಗಿ ಏಳುವುದರಲ್ಲಿತ್ತು.

ಹದಿನೈದು ದಿನ ಹೀಗೆಯೇ ಕಳೆದ ಮೇಲೆ ವೈನಿಯವರೇ ನಮ್ಮಿಬ್ಬರನ್ನೂ ಕರೆಸಿ, "ನನ್ನ ಹೆಸರಿಗೆ ಮಾಡ್ರಿ. ನನಗ ಓಡ್ಸಾಕ ಬರಂಗಿಲ್ಲ, ಒಯ್ದು ಎಲ್ಲಿ ಇಟ್ಕೊಳ್ಳಲಿ?" ಎಂದರು. ತಮ್ಮ ಆಗ ನಕ್ಕನು. ಅಪಘಾತವಾದರೆ ಹೊಣೆ ಪತ್ರದಲ್ಲಿರುವ ಒಡೆಯರ ಮೇಲೂ ಬರುತ್ತದೆಂಬುದನ್ನು ಅವರಿಗೆ ವಿವರಿಸಿ, ವಿಮೆಯನ್ನೂ ಅವರ ಹೆಸರಿಗೇ ಮಾಡಿಸಿದೆವು.

ಕೆಂಪು ವಹಿ ಈಗ ಅವರ ಕೈಯಲ್ಲಿದೆ. ಕಳೆದ ತಿಂಗಳು ಗ್ರೀಸಿಗೆ ಇಷ್ಟೇಕೆ ಕೊಟ್ಟಿರೆಂದು ಮೇಸ್ತ್ರಿಯನ್ನೇ ಕರೆಸಿ ಕೇಳಿದರಂತೆ. ಡೀಸೆಲ್ ಹಾಕಿಸಿದ ಚೀಟಿಯನ್ನು ತಂದೊಪ್ಪಿಸದವರಿಗೆ, ಅವರು ಮೈದುನರೇ ಆಗಿರಲಿ, ಮರುಸಲ ಕೀಲಿಕೈ ಸಿಗುವುದಿಲ್ಲ.