ದಾರುಶಕಟಿಕ

ಮಣ್ಣಿನ ಬಂಡಿಯೊಂದರ ಹೆಸರಿಟ್ಟು ಶೂದ್ರಕನು ಹತ್ತು ಅಂಕಗಳ ನಾಟಕವನ್ನೇ ಬರೆದುಬಿಟ್ಟ. ಅಂದಮೇಲೆ ಪ್ಲೈವುಡ್ಡಿನ ಬಂಡಿಯೊಂದನ್ನು ಕುರಿತು ಕನ್ನಡದ ಮೇಷ್ಟರೊಬ್ಬ ನಾಲ್ಕು ಮಾತು ಬರೆದರೆ ಸಂಪಾದಕರು ಆಕ್ಷೇಪಿಸಲಾರರು. ಅಲ್ಲದೆ 'ಮೃಚ್ಛಕಟಿಕ'ದ ಬಂಡಿ ಮಗುವಿನ ಆಟದ ಸಾಮಾನು. ನಮ್ಮದು ರಸ್ತೆಯ ಮೇಲೆ ಓಡಿದ ಬಂಡಿ, ಸರ್ಕಾರದ ನಂಬರು ಹೊತ್ತ ಬಂಡಿ. ಅದನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಕಟ್ಟಿದೆ ಎಂದರೆ, ನನ್ನ ತಮ್ಮ ಕಟ್ಟುತ್ತಿದ್ದಾಗ ಹಲಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಿದ್ದೆ. ಎರಡು ತಿಂಗಳು ಹಿಡಿದುಕೊಂಡಿದ್ದೆ ಎಂಬುದನ್ನು ಓದುಗರು ಗಮನಿಸಬೇಕು.

ನನ್ನ ತಮ್ಮ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹತ್ತಿರ ಇದ್ದಾನೆ. ಕಾರಿನ ಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ೨೦೨೨ರಲ್ಲಿ ನಮ್ಮ ತಂದೆ ಮೈಸೂರಿನಲ್ಲಿ ತೀರಿಕೊಂಡಾಗ ಅವನು ಬಂದು ಸೇರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ವಿಮಾನ ಎಷ್ಟು ವೇಗವಾಗಿ ಹಾರಿದರೂ ಕೆಲವು ಸುದ್ದಿಗಳ ಹಿಂದೆಯೇ ಬರುತ್ತದೆ. ಅಮ್ಮ ಆ ವಿಷಯವಾಗಿ ಅವನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಮಾರನೆಯ ವರ್ಷ ಫೆಬ್ರುವರಿಯಲ್ಲಿ ಹಟಮಾಡಿ ಅಮ್ಮನನ್ನು ತನ್ನಲ್ಲಿಗೆ ಕರೆಸಿಕೊಂಡ. ಅವಳನ್ನು ಹಿಂದಕ್ಕೆ ಕರೆತರುವ ನೆಪದಲ್ಲಿ ಮೇ ತಿಂಗಳಲ್ಲಿ ನಾನೂ, ಬೇಸಗೆಯ ರಜೆಗೆ ಗಳಿಕೆ ರಜೆಯನ್ನು ಸೇರಿಸಿಕೊಂಡು, ಅಲ್ಲಿಗೆ ಹೋದೆ.

ಹೋಗಿ ನೋಡಿದರೆ, ಮೂರು ತಿಂಗಳಲ್ಲಿ ಅಮ್ಮ ನೋಡಿದ್ದ ಅಮೆರಿಕವೆಂದರೆ ಅಡಿಗೆಮನೆಯ ಕಿಟಕಿಯಿಂದ ಕಾಣುವಷ್ಟು. ಹೊರಗಿನ ಊಟ ಅವಳಿಗೆ ಆಗದು, ಹೋಟೆಲಿನ ಹಾಸಿಗೆ ಸೇರದು, ಮಂಡಿನೋವು ಬೇರೆ. ಒಂದು ಸಲ ಎರಡು ದಿನದ ಪ್ರವಾಸ ಹೋಗಿದ್ದಾಗ ಬಾಳೆಹಣ್ಣು ಅವಲಕ್ಕಿಗಳಲ್ಲೇ ಕಾಲ ಕಳೆದಳಂತೆ. "ಹೋಟೆಲಿಗೆ ಅಮ್ಮ ಬರೋದಿಲ್ಲ ಅಂದರೆ ಅಡಿಗೆಮನೆಯೇ ಅಮ್ಮನ ಜೊತೆ ಬರಲಿ, ಅಣ್ಣ" ಎಂದು ತಮ್ಮ ಒಂದು ಚಿತ್ರವನ್ನು ನನ್ನ ಮುಂದಿಟ್ಟ.

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಎರಡು ಗಾಲಿಯ, ಮಲಗುವ ಗಾಡಿ ಅದು. ಒಳಗೆ ಇಬ್ಬರಿಗೆ ಹಾಸಿಗೆ. ಹಿಂಭಾಗದ ಮುಚ್ಚಳವನ್ನು ಮೇಲಕ್ಕೆತ್ತಿದರೆ ಅಲ್ಲಿ ಒಲೆ, ಡಬ್ಬಗಳು, ನೀರಿನ ಕ್ಯಾನು. ಅಡಿಗೆ ಮಾಡುವವರು ನೆಲದ ಮೇಲೆಯೇ ನಿಂತಿರುತ್ತಾರೆ. ಎತ್ತಿದ ಮುಚ್ಚಳವೇ ಅವರಿಗೆ ಸೂರು. ಓಡುವಾಗ ಅದರೊಳಗೆ ಯಾರೂ ಕೂರುವಂತಿಲ್ಲ. ನಿಂತ ಮೇಲೆ ಮಾತ್ರ ಅದು ಮನೆ. ಅಮೆರಿಕದವರು ೧೯೩೦ರ ದಶಕದಿಂದಲೂ ಇಂಥವನ್ನು ತಮ್ಮ ತಮ್ಮ ಷೆಡ್ಡುಗಳಲ್ಲಿ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ನಮಗೆ ಸ್ವಾತಂತ್ರ್ಯ ಬಂದ ಮರುತಿಂಗಳು, ೧೯೪೭ರ ಸೆಪ್ಟೆಂಬರಿನಲ್ಲಿ, 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಎಂಬ ಪತ್ರಿಕೆ ಇದರ ನಕ್ಷೆಯನ್ನು ಅಚ್ಚುಹಾಕಿತ್ತು. ಇಂದಿಗೂ ಹವ್ಯಾಸಿಗಳು ಅದನ್ನು ಹುಡುಕಿ ತೆಗೆಯುತ್ತಾರೆ. ೧೯೬೦ರ ದಶಕದ ಹೊತ್ತಿಗೆ ದೊಡ್ಡ ದೊಡ್ಡ ಟ್ರೇಲರುಗಳು ಬಂದು ಇದು ಮೂಲೆಗೆ ಸೇರಿತು. ಈಚೆಗೆ ಜನಕ್ಕೆ ಮತ್ತೆ ಇದರ ಮೇಲೆ ಪ್ರೀತಿ ಹುಟ್ಟಿದೆ. ಮುಂದೆ ದುಂಡಗೆ, ಹಿಂದಕ್ಕೆ ಇಳಿಜಾರಾಗಿರುವ ಆಕಾರದಿಂದ ಇದಕ್ಕೆ 'ಟಿಯರ್‌ಡ್ರಾಪ್' ಎಂದು ಹೆಸರು. ಕಣ್ಣೀರಿನ ಹನಿ ಎಂದರ್ಥ ಎಂದು ನಾನು ಅಮ್ಮನಿಗೆ ವಿವರಿಸಿದ್ದು ತಪ್ಪಾಯಿತು.

"ಮಲಗೋ ಮನೆಗೆ ಯಾರಾದರೂ ಕಣ್ಣೀರು ಅಂತ ಹೆಸರಿಡ್ತಾರೇನೋ? ಅತ್ತಿದ್ದು ಸಾಲದೆ?" ಎಂದಳು.

ಆ ದಿನವೇ ನಾನು ಅದಕ್ಕೆ 'ದಾರುಶಕಟಿಕ' ಎಂದು ನಾಮಕರಣ ಮಾಡಿದೆ. ದಾರು ಎಂದರೆ ಮರ. ತಮ್ಮನ ಮಗಳಿಗೆ ಆ ಹೆಸರು ನಾಲಗೆಯಲ್ಲಿ ಹೊರಳಲಿಲ್ಲ. ಅಮ್ಮ 'ಗಾಡಿ' ಎಂದು ಕರೆದಳು. ಗೆದ್ದದ್ದು ಅದೇ ಹೆಸರು.

ಅಲ್ಲಿ ಪ್ಲೈವುಡ್ ಹಾಳೆ ನಾಲ್ಕಡಿ ಅಗಲ, ಎಂಟಡಿ ಉದ್ದ. ಈ ಗಾಡಿಯ ಶಾಸ್ತ್ರವೆಲ್ಲ ಆ ಒಂದು ಅಳತೆಯಿಂದ ಹುಟ್ಟಿದ್ದು. ನೆಲಕ್ಕೆ ಒಂದು ಹಾಳೆ, ಎರಡು ಪಕ್ಕದ ಗೋಡೆಗಳಿಗೆ ಒಂದೊಂದು. ಛಂದಸ್ಸಿನ ಪಾಠ ಹೇಳುವ ನನಗೆ ಇದು ಬೇಗ ಅರ್ಥವಾಯಿತು. ಕಂದಪದ್ಯಕ್ಕೆ ನಾಲ್ಕು ಮಾತ್ರೆಯ ಗಣ ಹೇಗೋ ಇದಕ್ಕೆ ನಾಲ್ಕಡಿ-ಎಂಟಡಿಯ ಹಾಳೆ ಹಾಗೆ. ಬೋಲ್ಟು ಹಾಕಿ ಜೋಡಿಸುವ ಉಕ್ಕಿನ ಚೌಕಟ್ಟು, ಅಚ್ಚು ಗಾಲಿಗಳ ಸಮೇತ, ಅಂಗಡಿಯಲ್ಲೇ ಸಿಕ್ಕಿತು. ಗೋಡೆಯ ಬಾಗನ್ನು ಬರೆಯಲು ಹಾಳೆಯ ಮೇಲೆ ಅಲ್ಲಲ್ಲಿ ಮೊಳೆ ಹೊಡೆದು, ತೆಳುವಾದ ಮರದ ಪಟ್ಟಿಯೊಂದನ್ನು ಅವಕ್ಕೆ ಆನಿಸಿ ಬಗ್ಗಿಸಿ, ಅದರ ಉದ್ದಕ್ಕೂ ಪೆನ್ಸಿಲು ಎಳೆದೆವು. ಛಾವಣಿಗೆ ಅಂಗುಲದಲ್ಲಿ ಎಂಟನೆಯ ಒಂದು ಪಾಲಿನಷ್ಟು ದಪ್ಪದ ಹಾಳೆ. ಅದನ್ನು ನಾವಿಬ್ಬರೂ ಬಗ್ಗಿಸಿ ಹಿಡಿದಿದ್ದಾಗ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ, "ನಮ್ಮ ತೌರುಮನೆ ಗಾಡಿಗೂ ಬಿದಿರಿನ ದಬ್ಬೆ ಹೀಗೇ ಬಗ್ಗಿಸಿ ಕಮಾನು ಕಟ್ತಿದ್ದರು ಕಣೋ" ಎಂದಳು. "ಹೌದೇನಮ್ಮ" ಎಂದು ನಾವು ನಮ್ಮ ಪಾಡಿಗೆ ಸ್ಕ್ರೂ ತಿರುಗಿಸಿದೆವು.

ಎಂಟಡಿಯಲ್ಲಿ ಅಡಿಗೆಗೆಷ್ಟು, ಹಾಸಿಗೆಗೆಷ್ಟು? "ಮಲಗುವವರನ್ನು ಅಳೆಯಬೇಕು" ಎಂದ ತಮ್ಮ. ಮಲಗುವವರು ಅಮ್ಮ ಮತ್ತು ಮೊಮ್ಮಗಳು, ಉಳಿದವರಿಗೆ ಡೇರೆ. ಅಮ್ಮನನ್ನು ಹಲಗೆಗೆ ಆನಿಸಿ ನಿಲ್ಲಿಸಿ ತಲೆಯ ಮೇಲೆ ಗೆರೆ ಎಳೆದ. ನಾವು ಚಿಕ್ಕವರಾಗಿದ್ದಾಗ ಪ್ರತಿ ಯುಗಾದಿಗೂ ನಮ್ಮನ್ನು ಕಂಬಕ್ಕೆ ಆನಿಸಿ, ಇದ್ದಲಿನಿಂದ ಹಾಗೆ ಗೆರೆ ಎಳೆಯುತ್ತಿದ್ದವಳು ಅವಳು. ಆ ಗೆರೆಗಳು ವರ್ಷ ವರ್ಷ ಮೇಲಕ್ಕೆ ಹೋಗುತ್ತಿದ್ದವು. ಈ ಗೆರೆಗೆ ಟೇಪು ಹಿಡಿದರೆ ನಾಲ್ಕಡಿ ಒಂಬತ್ತಂಗುಲ.

"ನಾನು ಐದಡಿ ಕಣೋ. ನಿನ್ನ ಟೇಪು ಸರಿಯಿಲ್ಲ" ಎಂದಳು ಅಮ್ಮ.

ತಮ್ಮ ಮತ್ತೊಮ್ಮೆ ಟೇಪು ಹಿಡಿದು, "ಹೌದಮ್ಮ, ಐದಡಿ" ಎಂದ. ಅವನು ತಪ್ಪು ಅಳತೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಐದಡಿಯ ಹಾಸಿಗೆ, ಮೂರಡಿಯ ಅಡಿಗೆಮನೆ ಎಂದು ಗೊತ್ತುಮಾಡಿ ನೆಲದ ಮೇಲೆ ಗೆರೆ ಹಾಕಿದೆವು. ಆ ರಾತ್ರಿ ಊಟವಾದ ಮೇಲೆ ಷೆಡ್ಡಿನಲ್ಲಿ ಮರಳುಕಾಗದ ಉಜ್ಜುತ್ತ ಕೂತಿದ್ದಾಗ ತಮ್ಮ ತಲೆಯೆತ್ತದೆ ಕೇಳಿದ: "ಅಣ್ಣ, ಅಪ್ಪ ಎಷ್ಟೆತ್ತರ ಇದ್ದರು?"

ಅಪ್ಪನ ಮುಂದೆ ಬೆಂಕಿ ಹಿಡಿದು ನಡೆದವನು ನಾನು. ನಲವತ್ತು ವರ್ಷಕ್ಕೂ ಮಿಕ್ಕಿ ಅವರೊಂದಿಗೆ ಒಂದೇ ಮನೆಯಲ್ಲಿ ಇದ್ದವನು. ನನಗೆ ಉತ್ತರ ತೋಚಲಿಲ್ಲ. ತೀರಿಕೊಂಡಂದಿನಿಂದ ತಮ್ಮ ಅಪ್ಪನ ಮಾತೆತ್ತಿದ್ದು ಅದೇ ಮೊದಲು. ಅದಕ್ಕೂ ನಾನು ಸುಮ್ಮನಿದ್ದೆ. ಉತ್ತರ ಬಾಗಿಲಿನಿಂದ ಬಂತು. ಅಮ್ಮ ಎರಡು ಲೋಟ ಹಾಲು ಹಿಡಿದುಕೊಂಡು ನಿಂತಿದ್ದಳು.

"ಐದಡಿ ಎಂಟಂಗುಲ. ಹಾಸಿಗೆ ಮಾಡಿಸಿದೋಳು ನಾನಲ್ಲವೇನೋ? ಅಡಿಗೆಮನೆ ದಾರಂದ ಹಣೆಗೆ ತಗಲ್ತಿತ್ತು ಅವರಿಗೆ."

ಲೋಟಗಳನ್ನು ಹಲಗೆಯ ಮೇಲಿಟ್ಟು, ನೆಲದ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದಳು. "ಹಾಸಿಗೆ ಆರಡೀನೇ ಇರಲಿ. ಅಡಿಗೆಗೆ ಎರಡಡಿ ಸಾಕು ನನಗೆ" ಎಂದು ಹೊರಟುಹೋದಳು. ನಾವು ಗೆರೆಯನ್ನು ಅಳಿಸಿ ಒಂದಡಿ ಹಿಂದಕ್ಕೆ ಎಳೆದೆವು.

ಅಲ್ಲಿಂದ ಮುಂದೆ ಅಮ್ಮನನ್ನು ಕೇಳದೆ ಏನನ್ನೂ ಮಾಡಲಿಲ್ಲ. ನೆಲ ಎಷ್ಟೆತ್ತರ ಇರಬೇಕು? "ನಮ್ಮನೆ ಜಗಲಿಯಷ್ಟು, ಕೂತು ಕಾಲು ಮೇಲೆತ್ತಿಕೊಳ್ಳೋ ಹಾಗೆ." ಈ ಗಾಡಿಗೆ ಹತ್ತುವ ಕ್ರಮವೂ ನಿಜವಾಗಿ ಅದೇ. ಹೊಸ್ತಿಲ ಮೇಲೆ ಕೂತು ಕಾಲನ್ನು ಒಳಗೆ ತಿರುಗಿಸಿಕೊಳ್ಳಬೇಕು. ಅಚ್ಚಿನ ಮೇಲೆ ಕೂತಿದ್ದ ಸ್ಪ್ರಿಂಗುಗಳನ್ನು ಬಿಚ್ಚಿ ಅಚ್ಚಿನ ಕೆಳಗೆ ಕಟ್ಟಿದೆವು. ಗಾಡಿ ನಾಲ್ಕಾರು ಅಂಗುಲ ತಗ್ಗಿತು. ಸೂರಿನಲ್ಲಿ ಗಾಳಿಗಂಡಿಯೊಂದನ್ನು ಬಿಟ್ಟೆವು. ಇಷ್ಟು ಚಿಕ್ಕ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿ ಇಬ್ಬರು ಮಲಗಿದರೆ ಅವರ ಉಸಿರಿನ ತೇವವೇ ಬೆಳಗಿನ ಹೊತ್ತಿಗೆ ಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ. ಹೊರಗೆ ಅಲ್ಯೂಮಿನಿಯಂ ತಗಡು, ಸಂದುಗಳಿಗೆಲ್ಲ ಮಳೆನೀರು ಹೋಗದ ಅಂಟುಪಟ್ಟಿ. ಜೂನ್ ಕೊನೆಯ ವಾರ ಗಾಡಿ ಸಿದ್ಧವಾಯಿತು.

ಅಡಿಗೆಯ ಸಾಮಾನನ್ನೆಲ್ಲ ತುಂಬಿಕೊಂಡು, ಅಮ್ಮನನ್ನು ಮನೆಯಲ್ಲಿ ಬಿಟ್ಟು, ನಾವಿಬ್ಬರೇ ಪರೀಕ್ಷೆಗೆ ಹೊರಟೆವು. ಕಾರಿನ ಹಿಂದೆ ಉಕ್ಕಿನ ಗುಂಡೊಂದಿರುತ್ತದೆ. ಗಾಡಿಯ ಮೂಕಿಯ ತುದಿಯಲ್ಲಿರುವ ಬಟ್ಟಲು ಅದರ ಮೇಲೆ ಕವುಚಿ ಕೂರುತ್ತದೆ. ಅದು ಕಳಚಿದರೂ ಮೂಕಿ ನೆಲಕ್ಕೆ ಬೀಳದಂತೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸಿ ಕಟ್ಟಿರುತ್ತದೆ. ಊರೊಳಗೆ ಎಲ್ಲವೂ ಚೆನ್ನಾಗಿತ್ತು. ಹೆದ್ದಾರಿಯಲ್ಲಿ ಗಂಟೆಗೆ ಐವತ್ತೈದು ಮೈಲಿ ಮುಟ್ಟುತ್ತಲೂ, ಲಾರಿಯೊಂದು ಪಕ್ಕದಲ್ಲಿ ಹಾಯ್ದುಹೋದದ್ದೇ ತಡ, ಗಾಡಿ ಬಾಲದಂತೆ ಎಡಕ್ಕೂ ಬಲಕ್ಕೂ ಬೀಸತೊಡಗಿತು. ಕಾರೂ ಅದರೊಡನೆ ತೂಗಾಡಿತು. ತಮ್ಮ ಬ್ರೇಕು ಒತ್ತದೆ ಮೆಲ್ಲಗೆ ವೇಗ ಇಳಿಸಿದ್ದರಿಂದ ಈ ಪ್ರಬಂಧ ಬರೆಯುವುದಕ್ಕೆ ನಾನು ಉಳಿದಿದ್ದೇನೆ.

ಮನೆಗೆ ಬಂದ ನಮ್ಮ ಮುಖಗಳನ್ನು ನೋಡಿ ಅಮ್ಮ "ಏನಾಯಿತೋ?" ಎಂದಳು. ಹೇಳಿದೆವು. ಹಿಂದಿನ ಮುಚ್ಚಳ ತೆಗೆಸಿ ನೀರಿನ ಕ್ಯಾನು, ಅಕ್ಕಿ, ಬೇಳೆ, ಒರಳಿನಂಥ ಬಾಣಲೆ ಎಲ್ಲವನ್ನೂ ನೋಡಿ ಅವಳು ಹೇಳಿದ್ದು ಒಂದೇ ಮಾತು: "ಹಿಂಭಾರ ಆಗಿದೆ."

ಅವಳ ತೌರುಮನೆಯಿಂದ ಜಾತ್ರೆಗೆ ಕಮಾನು ಗಾಡಿಯಲ್ಲಿ ಹೋಗುವಾಗ ಗಾಡಿ ಹೊಡೆಯುವವನು ಮಕ್ಕಳನ್ನು ಒಂದು ಕಡೆ ಕೂರಗೊಡುತ್ತಿರಲಿಲ್ಲವಂತೆ. ದಿಣ್ಣೆ ಹತ್ತುವಾಗ "ಮುಂದಕ್ಕೆ ಬನ್ನಿ", ಇಳಿಯುವಾಗ "ಹಿಂದಕ್ಕೆ ಹೋಗಿ". ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳ ಹಗ್ಗ ಹಿಸುಕುತ್ತದೆ. ಮುಂದೆ ಅತಿಯಾದರೆ ಎತ್ತು ಮಂಡಿಯೂರುತ್ತದೆ. ಮೂಕಿ, ನೊಗ, ಮುಂಭಾರ, ಹಿಂಭಾರ: ಈ ಪದಗಳನ್ನು ನಾನು ತರಗತಿಯಲ್ಲಿ ದೇಸಿಯ ಸಂಪತ್ತೆಂದು ಹೊಗಳಿದ್ದೇನೆ, ಪರೀಕ್ಷೆಯಲ್ಲಿ ಅರ್ಥ ಕೇಳಿ ಎರಡೆರಡು ಅಂಕ ಕೊಟ್ಟಿದ್ದೇನೆ. ಅವು ಜೀವ ಉಳಿಸುವ ಮಾತುಗಳೆಂದು ನನಗೆ ಹೊಳೆದದ್ದು ಆವತ್ತು.

ತಮ್ಮ ತಲೆತಗ್ಗಿಸಿದ. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಬೀಳಬೇಕು ಎಂಬ ಲೆಕ್ಕ ಅವನಿಗೆ ಗೊತ್ತೇ ಇತ್ತು. ಆದರೆ ಅವನು ತೂಗಿದ್ದು ಬರಿಯ ಗಾಡಿಯನ್ನು. ತುಂಬಿದ ಮೇಲೆ ಅದು ಸುಮಾರು ೯೦೦ ಪೌಂಡು. ಮೂಕಿಯ ಮೇಲೆ ೯೦ ಪೌಂಡಾದರೂ ಇರಬೇಕು. ಬಚ್ಚಲುಮನೆಯ ತೂಕದ ಯಂತ್ರವನ್ನು ತಂದು ಮೂಕಿಯ ಕೆಳಗಿಟ್ಟರೆ ಮುಳ್ಳು ೪೦ಕ್ಕೆ ನಿಂತಿತು. ಐದು ಗ್ಯಾಲನ್ ನೀರೇ ೪೦ ಪೌಂಡಿಗೆ ಮಿಕ್ಕಿ ತೂಗುತ್ತದೆ. ಮೂಕಿಯ ಮೇಲೆ ಒಂದು ಪೆಟ್ಟಿಗೆ ಕಟ್ಟಿ ನೀರು, ಬ್ಯಾಟರಿ, ಬಾಣಲೆಗಳನ್ನು ಅಲ್ಲಿಗೆ ಸಾಗಿಸಿದೆವು. ಮುಳ್ಳು ೧೦೦ಕ್ಕೆ ಬಂತು. ಮತ್ತೆ ಹೆದ್ದಾರಿಗೆ ಹೋದೆವು. ಗಾಡಿ ಸಾಧುವಾದ ಹಸುವಿನಂತೆ ಹಿಂಬಾಲಿಸಿತು.

ಜುಲೈ ಮೊದಲ ವಾರ ಎಲ್ಲರೂ ಉತ್ತರಕ್ಕೆ ಹೊರಟೆವು. ಮಿಷಿಗನ್ ರಾಜ್ಯ ನೀರಿನಿಂದ ಎರಡು ತುಂಡಾಗಿದೆ. ಎರಡನ್ನೂ ಸೇರಿಸುವ ಮ್ಯಾಕಿನಾ ಸೇತುವೆ ಐದು ಮೈಲಿ ಉದ್ದ, ೧೯೫೭ರಲ್ಲಿ ತೆರೆದದ್ದು. ಅಲ್ಲಿ ಗಾಡಿಯ ಅಚ್ಚಿಗೂ ಬೇರೆ ಸುಂಕ ಕೊಟ್ಟು ದಾಟಿ ಟಕ್ವಾಮೆನಾನ್ ಜಲಪಾತಕ್ಕೆ ಹೋದೆವು. ಐವತ್ತಡಿಯಷ್ಟು ಎತ್ತರದಿಂದ ಬೀಳುವ ಆ ನೀರು ಕಂದುಬಣ್ಣ. ಸುತ್ತಲ ಜೌಗುನೆಲದ ಮರಗಳ ಒಗರು ಇಳಿದು ಹಾಗಾಗಿದೆ. ಅಮ್ಮ ಬಹಳ ಹೊತ್ತು ನೋಡಿದಳು. "ಡಿಕಾಕ್ಷನ್ ಚೆನ್ನಾಗಿ ಇಳಿದಿದೆ" ಎಂದಳು. ಆ ಸಂಜೆ ಮುಚ್ಚಳದ ಕೆಳಗೆ ನಿಂತು ಅನ್ನ, ಸಾರು ಮಾಡಿ ಬಡಿಸಿದಳು. ದೀಪ ಹಚ್ಚುವ ಹೊತ್ತಿಗಾಗಿ ಕಾದಳು. ಆ ಸೀಮೆಯಲ್ಲಿ ಬೇಸಗೆಯ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಮುಳುಗಿದ ಮೇಲೆಯೇ ಹಚ್ಚಿದಳು.

ನಡುರಾತ್ರಿ ಎಚ್ಚರವಾದಾಗ ಡೇರೆಯಲ್ಲಿ ನನ್ನ ಪಕ್ಕ ತಮ್ಮ ಇರಲಿಲ್ಲ. ಗಾಡಿಯ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ. ಅಮ್ಮ ಹೊಸ್ತಿಲ ಮೇಲೆ, ಜಗಲಿಯ ಮೇಲೆ ಕೂರುವಂತೆ ಕೂತು, ತಗ್ಗಿದ ದನಿಯಲ್ಲಿ ಏನೋ ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ನಾನು ಮತ್ತೆ ಮುಸುಕು ಹಾಕಿಕೊಂಡೆ. ಬೆಳಗ್ಗೆ ಅವನ ಕಣ್ಣು ಕೆಂಪಾಗಿತ್ತು. "ಸೊಳ್ಳೆ" ಎಂದ. ಅಲ್ಲಿ ಸೊಳ್ಳೆಯೇನೋ ಹೇರಳವಾಗಿತ್ತು. ಗಾಡ��ಗೆ ಅಮೆರಿಕದವರು ಇಟ್ಟ ಹೆಸರನ್ನು ನಾನು ನೆನಪಿಸಲಿಲ್ಲ.

ಅಮ್ಮ ಈಗ ಮೈಸೂರಿನಲ್ಲಿ ನನ್ನೊಡನೆ ಇದ್ದಾಳೆ. ಬೇಸಗೆಯಲ್ಲಿ ತಮ್ಮ ಗಾಡಿ ಕಟ್ಟಿ ಹೊರಡುವ ಮುಂಚೆ ಫೋನು ಮಾಡುತ್ತಾನೆ. ಅಮ್ಮ ಕೇಳುವ ಪ್ರಶ್ನೆ ಒಂದೇ.

"ಮೂಕಿ ತೂಗಿದೆಯೇನೋ?"

"ತೂಗಿದೆಯಮ್ಮ. ನೂರು ಪೌಂಡು."

ಪೌಂಡೆಂದರೆ ಎಷ್ಟೆಂದು ಅಮ್ಮ ಈವರೆಗೂ ಕೇಳಿಲ್ಲ. "ಸರಿ, ಹಾಗಾದರೆ ಹೊರಡು" ಎನ್ನುತ್ತಾಳೆ.